ತಂತಿಯಿಲ್ಲದೆ ಫೈಲು ಹಂಚೋಣ, ಪಾಠ ಎಲ್ಲರಿಗೂ ತಲುಪಲಿ

(ಬಿಕ್ಕೋಡಿನಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



 

ಈ ಸಲ ನನಗೆ ಕೊಟ್ಟಿರುವ ವಿಷಯ "ವಿದ್ಯಾರ್ಥಿಗಳು ಮತ್ತು ಮೊಬೈಲ್". ಈ ವಿಷಯದ ಮೇಲೆ ಮಾತನಾಡುವವರು ಸಾಮಾನ್ಯವಾಗಿ ಮೊಬೈಲಿನಿಂದ ಮಕ್ಕಳು ಹಾಳಾಗುತ್ತಿದ್ದಾರೆಂದು ಹೇಳಿ ಕುಳಿತುಕೊಳ್ಳುತ್ತಾರೆ. ಹಾಗೆ ಹೇಳಲು ನನಗೂ ಬರುತ್ತದೆ, ತರಗತಿಯಲ್ಲಿ ಹೇಳಿಯೂ ಇದ್ದೇನೆ. ಆದರೆ ಇಂದು ಬೈಯುವುದನ್ನು ಬಿಟ್ಟು ಒಂದು ಚಿಕ್ಕ ಕೆಲಸವನ್ನು ಕಲಿಸಿಕೊಡಬೇಕೆಂದು ಬಂದಿದ್ದೇನೆ. ಒಂದು ಫೋನಿನಲ್ಲಿರುವ ಪಾಠ, ಪುಸ್ತಕ, ಪ್ರಮಾಣಪತ್ರಗಳನ್ನು ಇಂಟರ್‌ನೆಟ್ ಇಲ್ಲದೆ, ತಂತಿ ಇಲ್ಲದೆ, ಒಂದು ರೂಪಾಯಿಯೂ ಖರ್ಚಿಲ್ಲದೆ ಇನ್ನೊಂದು ಫೋನಿಗೆ, ಟ್ಯಾಬಿಗೆ, ಕಂಪ್ಯೂಟರಿಗೆ ಕಳುಹಿಸುವುದು ಹೇಗೆ ಎಂಬುದೇ ಆ ಕೆಲಸ. ಸಂಚಿಕೆಯಲ್ಲಿ ಇದನ್ನು ಓದುವವರು ದಯವಿಟ್ಟು ಫೋನನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಓದುತ್ತಾ ಓದುತ್ತಾ ಮಾಡಿ ನೋಡಿ.

"ಇಷ್ಟು ಚಿಕ್ಕ ವಿಷಯಕ್ಕೆ ಒಂದು ಭಾಷಣವೇ?" ಎಂದು ಹಿರಿಯರಿಗೆ ಅನ್ನಿಸಬಹುದು. ಅದಕ್ಕೆ ಕಾರಣವನ್ನು ಮೊದಲು ಹೇಳುತ್ತೇನೆ.

ಒಬ್ಬ ಹುಡುಗಿಯ ವಿಷಯ

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದ್ದು ನಿಮಗೆಲ್ಲ ನೆನಪಿದೆ. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆಗಸ್ಟಿನಲ್ಲಿ ವಿದ್ಯಾಗಮ ಕಾರ್ಯಕ್ರಮ ಶುರುವಾಗಿ ಅಕ್ಟೋಬರಿನಲ್ಲಿ ನಿಂತಿತು. ಉಳಿದ ದಿನಗಳಲ್ಲಿ ನಾವು ಶಿಕ್ಷಕರು ವಾಟ್ಸಾಪ್ ಗುಂಪುಗಳನ್ನು ಮಾಡಿಕೊಂಡು ಪಾಠದ ವಿಡಿಯೋ ಕಳುಹಿಸುತ್ತಿದ್ದೆವು. ನಾನೂ ದಿನಾ ಬೆಳಿಗ್ಗೆ ಉರ್ದು ಪಾಠ, ಸಂಜೆ ಕನ್ನಡ ಪಾಠ ಕಳುಹಿಸುತ್ತಿದ್ದೆ. ಕಳುಹಿಸಿದ ಕೂಡಲೇ ನನ್ನ ಕೆಲಸ ಮುಗಿಯಿತೆಂದು ಭಾವಿಸಿದ್ದೆ.

ನನ್ನ ಎಂಟನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ. ಅವಳ ಕನ್ನಡ ಅಕ್ಷರ ಮುದ್ರಣದಂತಿತ್ತು, ಉರ್ದು ಅಕ್ಷರ ಅದಕ್ಕಿಂತ ಚೆನ್ನ. ಮನೆಯಲ್ಲಿ ಇದ್ದದ್ದು ಒಂದೇ ಫೋನು. ಅದು ಬೆಳಿಗ್ಗೆ ತಂದೆಯ ಜೊತೆ ಕಾಫಿ ತೋಟಕ್ಕೆ ಹೋಗಿ ಸಂಜೆ ಬರುತ್ತಿತ್ತು. ರಾತ್ರಿ ಪಾಠ ತೆರೆಯಲು ಹೋದರೆ ಅವರ ಲೈನಿನಲ್ಲಿ ನೆಟ್‌ವರ್ಕ್ ಇಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ಟವರು ಎರಡೂ ಹೇಗಿರುತ್ತವೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ನೆಟ್‌ವರ್ಕ್ ಬಂದ ದಿನ ರೀಚಾರ್ಜ್ ಮುಗಿದಿರುತ್ತಿತ್ತು. ಶಾಲೆ ಮತ್ತೆ ತೆರೆದಾಗ ಅವಳು ಬರಲಿಲ್ಲ. ಮನೆಗೆ ಹೋದೆ. ಅವಳ ತಾಯಿ ಚಾಪೆ ಹಾಸಿ ಕೂರಿಸಿ ಹೇಳಿದರು: "ಆಪಾ, ನೀವು ಪಾಠ ಕಳಿಸಿದ್ದೆಲ್ಲ ಫೋನಿನಾಗೆ ಬಂದು ಕೂತಿತ್ತಂತೆ. ಒಂದೂ ತೆರೀಲಿಲ್ಲ. ಈಗ ಹೋದ್ರೆ ಏನೂ ಅರ್ಥ ಆಗಲ್ಲ, ಎಲ್ಲರ ಮುಂದೆ ನಾಚಿಕೆ ಆಗ್ತದೆ ಅಂತಾಳೆ."

ಎಷ್ಟು ಹೇಳಿದರೂ ಅವಳು ಮರಳಲಿಲ್ಲ. ನನ್ನನ್ನು ಹೆಚ್ಚು ಕಾಡಿದ ಸಂಗತಿ ಮಾತ್ರ ಬೇರೆ. ಅವಳ ಮನೆಯಿಂದ ನಾಲ್ಕು ಮನೆ ಆಚೆ ಅದೇ ತರಗತಿಯ ಇನ್ನೊಬ್ಬ ಹುಡುಗಿ ಇದ್ದಳು. ಅವಳ ಫೋನಿನಲ್ಲಿ ಎಲ್ಲ ಪಾಠಗಳೂ ಇಳಿದಿದ್ದವು. ಇಬ್ಬರೂ ಸಂಜೆ ಒಟ್ಟಿಗೇ ನೀರಿಗೆ ಹೋಗುತ್ತಿದ್ದರು. ಎರಡು ಫೋನುಗಳನ್ನು ಹತ್ತು ನಿಮಿಷ ಪಕ್ಕಪಕ್ಕ ಇಟ್ಟಿದ್ದರೆ ಆ ದಿನದ ಪಾಠ ಅವಳಿಗೂ ಸಿಗುತ್ತಿತ್ತು. ಅದಕ್ಕೆ ಟವರು ಬೇಡ, ರೀಚಾರ್ಜ್ ಬೇಡ. ಇದು ಅವರಿಬ್ಬರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಕಾಲೇಜಿನಲ್ಲಿದ್ದಾಗ ಬ್ಲೂಟೂತಿನಲ್ಲಿ ಎಷ್ಟು ಹಾಡು ಕಳುಹಿಸಿಲ್ಲ! ಆದರೆ ಪಾಠವನ್ನೂ ಹಾಗೆ ಕಳುಹಿಸಬಹುದೆಂದು ನನಗೆ ಹೊಳೆಯಲಿಲ್ಲ. ಮಕ್ಕಳಿಗೆ ಹೇಳಿಕೊಡಲಿಲ್ಲ. ಆ ತಪ್ಪು ನನ್ನದು. ಇಂದಿನ ಈ ಭಾಷಣ ಆ ತಪ್ಪಿಗೆ ಸಲ್ಲಿಸುತ್ತಿರುವ ಸಣ್ಣ ಪರಿಹಾರ ಎಂದು ತಿಳಿಯಿರಿ.

ಫೈಲು ಗಾಳಿಯಲ್ಲಿ ಹೇಗೆ ಹೋಗುತ್ತದೆ?

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ವೈಫೈ ಎಂದರೆ ಇಂಟರ್‌ನೆಟ್ ಎಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ವೈಫೈ ಎಂಬುದು ಒಂದು ಸಾಧನದಿಂದ ಇನ್ನೊಂದು ಸಾಧನಕ್ಕೆ ರೇಡಿಯೋ ಅಲೆಗಳ ಮೂಲಕ ಇರುವ ದಾರಿ. ಆ ದಾರಿ ಮುಂದೆ ಹೆದ್ದಾರಿಗೆ, ಅಂದರೆ ಇಂಟರ್‌ನೆಟ್ಟಿಗೆ, ಸೇರಿರಬಹುದು ಅಥವಾ ಸೇರದೆಯೂ ಇರಬಹುದು. ಪಕ್ಕದ ಮನೆಗೆ ಸಕ್ಕರೆ ಕೊಟ್ಟು ಬರಲು ನೀವು ಬೇಲೂರಿನ ಬಸ್ಸು ಹತ್ತುವುದಿಲ್ಲ. ಹಾಗೆಯೇ ಒಂದೇ ಕೊಠಡಿಯಲ್ಲಿರುವ ಎರಡು ಫೋನುಗಳ ನಡುವೆ ಫೈಲು ಸಾಗಲು ಇಂಟರ್‌ನೆಟ್ ಬೇಕಾಗಿಲ್ಲ. ವಾಟ್ಸಾಪಿನಲ್ಲಿ ಕಳುಹಿಸಿದಾಗ ಮಾತ್ರ ಪಕ್ಕದಲ್ಲೇ ಕುಳಿತವರ ಫೈಲೂ ದೂರದ ಯಾವುದೋ ಸರ್ವರಿಗೆ ಹೋಗಿ ಮರಳಿ ಬರುತ್ತದೆ. ಕಳುಹಿಸುವವರ ಡೇಟಾ ಒಮ್ಮೆ, ಪಡೆಯುವವರ ಡೇಟಾ ಇನ್ನೊಮ್ಮೆ ಖರ್ಚಾಗುತ್ತದೆ.

ಹಿಂದೆ ನೋಕಿಯಾ ಫೋನುಗಳಲ್ಲಿ ಇನ್‌ಫ್ರಾರೆಡ್ ಎಂಬುದಿತ್ತು. ಎರಡು ಫೋನುಗಳನ್ನು ತಲೆಗೆ ತಲೆ ಕೊಟ್ಟು ಮಲಗಿಸಬೇಕಿತ್ತು, ನಡುವೆ ಕೈ ಬಂದರೆ ಕೆಲಸ ಕೆಟ್ಟಿತು. ಆಮೇಲೆ ಬಂದದ್ದು ಬ್ಲೂಟೂತ್. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಇದರ ಕೆಲಸ ಶುರುವಾಯಿತು. 1998ರಲ್ಲಿ ಹಲವು ಕಂಪನಿಗಳು ಕೂಡಿ ಇದಕ್ಕಾಗಿ ಒಂದು ಒಕ್ಕೂಟ ಮಾಡಿಕೊಂಡವು. ಹತ್ತನೇ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹರಾಲ್ಡ್ ಎಂಬ ದೊರೆಗೆ "ನೀಲಿ ಹಲ್ಲಿನವ" ಎಂಬ ಅಡ್ಡಹೆಸರಿತ್ತು. ಅವನು ಬೇರೆ ಬೇರೆ ಬುಡಕಟ್ಟುಗಳನ್ನು ಒಂದುಗೂಡಿಸಿದನೆಂದು ಹೇಳುತ್ತಾರೆ. ಬೇರೆ ಬೇರೆ ಕಂಪನಿಯ ಸಾಧನಗಳನ್ನು ಒಂದುಗೂಡಿಸುವ ಈ ತಂತ್ರಕ್ಕೆ ಅವನ ಹೆಸರನ್ನೇ ಇಟ್ಟರು. ಬ್ಲೂಟೂತ್ ಸೆಕೆಂಡಿಗೆ 1600 ಬಾರಿ ತನ್ನ ತರಂಗಾಂತರವನ್ನು ಬದಲಿಸುತ್ತಾ ಹೋಗುತ್ತದೆ. ಹೀಗಾಗಿ ಒಂದೇ ಕೊಠಡಿಯಲ್ಲಿ ಹತ್ತು ಜೋಡಿ ಫೋನುಗಳು ಮಾತನಾಡಿದರೂ ಒಂದರ ಮಾತು ಇನ್ನೊಂದಕ್ಕೆ ಅಷ್ಟಾಗಿ ಅಡ್ಡ ಬರುವುದಿಲ್ಲ.

ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ಇನ್ನೊಂದು ಹೆಸರಿದೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಸಾಗಿಸುವ ಎಫ್‌ಟಿಪಿ ಎಂಬ ನಿಯಮಾವಳಿಯನ್ನು 1971ರಲ್ಲಿ ಮೊದಲು ಬರೆದವರು ಭಾರತೀಯರು. ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಓದಿ, ಅಮೆರಿಕದ ಎಂಐಟಿಗೆ ಹೋದ ಅಭಯ್ ಭೂಷಣ್. ಫೈಲು ಹಂಚುವ ವಿದ್ಯೆ ನಮಗೆ ಪರಕೀಯವಲ್ಲ ಎಂಬುದನ್ನು ನೆನಪಿಡಿ.

ಮೊದಲನೆಯ ದಾರಿ: ಬ್ಲೂಟೂತ್

ಹಳೆಯ ಆಂಡ್ರಾಯ್ಡ್ ಫೋನೇ ಇರಲಿ, ಹೊಸದೇ ಇರಲಿ, ಲ್ಯಾಪ್‌ಟಾಪೇ ಇರಲಿ, ಬ್ಲೂಟೂತ್ ಇದ್ದೇ ಇರುತ್ತದೆ. ಎರಡೂ ಕಡೆ ಬ್ಲೂಟೂತ್ ಆನ್ ಮಾಡಿ. ಒಂದು ಫೋನಿನಲ್ಲಿ ಇನ್ನೊಂದರ ಹೆಸರು ಕಂಡಾಗ ಒತ್ತಿ. ಎರಡು ಪರದೆಗಳ ಮೇಲೂ ಒಂದು ಸಂಖ್ಯೆ ಬರುತ್ತದೆ. ಎರಡೂ ಒಂದೇ ಆಗಿದ್ದರೆ ಮಾತ್ರ ಒಪ್ಪಿಗೆ ಕೊಡಿ. ನಂತರ ಫೈಲನ್ನು ಒತ್ತಿ ಹಿಡಿದು, ಶೇರ್ ಒತ್ತಿ, ಬ್ಲೂಟೂತ್ ಆರಿಸಿ, ಗೆಳೆಯರ ಫೋನಿನ ಹೆಸರು ಒತ್ತಿದರೆ ಆಯಿತು. ಕಂಪ್ಯೂಟರಿಗೆ ಕಳುಹಿಸುವುದಾದರೆ, ಅಲ್ಲಿ ಬ್ಲೂಟೂತ್ ಚಿಹ್ನೆಯನ್ನು ಒತ್ತಿ "ರಿಸೀವ್ ಎ ಫೈಲ್" ಎಂಬುದನ್ನು ಮೊದಲೇ ತೆರೆದಿಡಬೇಕು. ಬಹಳ ಜನ ಇದನ್ನು ಮರೆತು "ಹೋಗುತ್ತಿಲ್ಲ" ಎಂದು ಕೈಬಿಡುತ್ತಾರೆ.

ಇದರ ಕೊರತೆ ವೇಗ. ಲೆಕ್ಕ ಮಾಡಿ ನೋಡೋಣ. ಒಂದು ಪಾಠದ ವಿಡಿಯೋ 150 ಎಂಬಿ ಇದೆ ಎಂದುಕೊಳ್ಳಿ. ಎಂಬಿ ಎಂದರೆ ಮೆಗಾಬೈಟ್. ವೇಗವನ್ನು ಹೇಳುವುದು ಮೆಗಾಬಿಟ್‌ನಲ್ಲಿ. 8 ಬಿಟ್ ಸೇರಿ 1 ಬೈಟ್. ಆದ್ದರಿಂದ 150 ಎಂಬಿ ಎಂದರೆ 1200 ಮೆಗಾಬಿಟ್. ಬ್ಲೂಟೂತ್ ಚೆನ್ನಾಗಿ ನಡೆದರೆ ಸೆಕೆಂಡಿಗೆ ಸುಮಾರು 2 ಮೆಗಾಬಿಟ್ ಸಾಗಿಸುತ್ತದೆ. 1200ನ್ನು 2ರಿಂದ ಭಾಗಿಸಿದರೆ 600 ಸೆಕೆಂಡ್, ಅಂದರೆ 10 ನಿಮಿಷ. ಪಾಠದ ಪಿಡಿಎಫ್, ಧ್ವನಿ ಮುದ್ರಣ, ಫೋಟೋಗಳಿಗೆ ಇದು ಸಾಕು. ಐಫೋನಿಗೂ ಆಂಡ್ರಾಯ್ಡ್ ಫೋನಿಗೂ ನಡುವೆ ಬ್ಲೂಟೂತಿನಲ್ಲಿ ಫೈಲು ಹೋಗುವುದಿಲ್ಲ ಎಂಬುದನ್ನೂ ತಿಳಿದಿರಿ.

ಎರಡನೆಯ ದಾರಿ: ಕ್ವಿಕ್ ಶೇರ್ ಮತ್ತು ಏರ್‌ಡ್ರಾಪ್

ಒಂದು ಕಾಲದಲ್ಲಿ ಎಲ್ಲರ ಫೋನಿನಲ್ಲೂ ಶೇರ್‌ಇಟ್, ಕ್ಸೆಂಡರ್ ಇದ್ದವು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಇವೆರಡೂ ಆ ಪಟ್ಟಿಯಲ್ಲಿದ್ದವು. ಮಕ್ಕಳಿಗೆ ಪಾಠ ಹಂಚಿಕೊಳ್ಳುವ ಅಗತ್ಯ ಹೆಚ್ಚಾಗಿದ್ದ ಹೊತ್ತಿನಲ್ಲೇ ಗೊತ್ತಿದ್ದ ದಾರಿ ಮುಚ್ಚಿತು. ಆದರೆ ಅದೇ ವರ್ಷ ಆಗಸ್ಟಿನಲ್ಲಿ ಗೂಗಲ್ ಸಂಸ್ಥೆ ಆಂಡ್ರಾಯ್ಡ್ ಫೋನುಗಳಲ್ಲೇ ನಿಯರ್‌ಬೈ ಶೇರ್ ಎಂಬ ಸೌಲಭ್ಯ ಕೊಟ್ಟಿತು. 2024ರಲ್ಲಿ ಅದು ಸ್ಯಾಮ್‌ಸಂಗ್ ಕಂಪನಿಯ ಸೌಲಭ್ಯದ ಜೊತೆ ಸೇರಿ ಕ್ವಿಕ್ ಶೇರ್ ಎಂಬ ಒಂದೇ ಹೆಸರು ಪಡೆಯಿತು. ಬೇರೆ ಆ್ಯಪ್ ಹಾಕಿಕೊಳ್ಳುವ ಅಗತ್ಯವಿಲ್ಲ.

ಮಾಡುವ ಕ್ರಮ ಹೀಗೆ: ಎರಡೂ ಫೋನುಗಳಲ್ಲಿ ಬ್ಲೂಟೂತ್, ವೈಫೈ ಮತ್ತು ಲೊಕೇಶನ್ ಆನ್ ಮಾಡಿ. ಪಡೆಯುವವರು ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು, ಬರುವ ಚೌಕಗಳಲ್ಲಿ ಕ್ವಿಕ್ ಶೇರ್ ಒತ್ತಿ, ತಾವು ಯಾರಿಗೆ ಕಾಣಬೇಕೆಂಬುದನ್ನು ಆರಿಸಬೇಕು. ಕಳುಹಿಸುವವರು ಫೈಲು ಆರಿಸಿ, ಶೇರ್ ಒತ್ತಿ, ಕ್ವಿಕ್ ಶೇರ್ ಆರಿಸಿ, ಕಂಡ ಹೆಸರನ್ನು ಒತ್ತಬೇಕು. ಫೋನುಗಳು ಬ್ಲೂಟೂತಿನಲ್ಲಿ ಒಂದನ್ನೊಂದು ಗುರುತಿಸಿಕೊಂಡು, ದೊಡ್ಡ ಫೈಲನ್ನು ವೈಫೈ ಅಲೆಗಳಲ್ಲಿ ಸಾಗಿಸುತ್ತವೆ. ಸೆಕೆಂಡಿಗೆ 50 ಮೆಗಾಬಿಟ್ ಸಿಕ್ಕರೂ ನಮ್ಮ 150 ಎಂಬಿ ವಿಡಿಯೋ 24 ಸೆಕೆಂಡಿನಲ್ಲಿ ಹೋಗುತ್ತದೆ. ಹತ್ತು ನಿಮಿಷ ಎಲ್ಲಿ, ಅರ್ಧ ನಿಮಿಷ ಎಲ್ಲಿ! ಬಂದ ಫೈಲು ಡೌನ್‌ಲೋಡ್ಸ್ ಫೋಲ್ಡರಿನಲ್ಲಿರುತ್ತದೆ. ವಿಂಡೋಸ್ 10 ಮತ್ತು 11 ಕಂಪ್ಯೂಟರುಗಳಿಗೂ ಕ್ವಿಕ್ ಶೇರ್ ಸಿಗುತ್ತದೆ, ಒಮ್ಮೆ ಹಾಕಿಕೊಂಡರೆ ಸಾಕು.

ಐಫೋನ್, ಐಪ್ಯಾಡ್, ಮ್ಯಾಕ್ ಇರುವವರಿಗೆ ಇದೇ ಕೆಲಸವನ್ನು ಏರ್‌ಡ್ರಾಪ್ ಮಾಡುತ್ತದೆ. ಐಫೋನಿಗೆ ಇದು ಬಂದದ್ದು 2013ರಲ್ಲಿ. ಬಹಳ ವರ್ಷ ಇದು ಆಂಡ್ರಾಯ್ಡ್ ಫೋನುಗಳ ಜೊತೆ ಮಾತೇ ಆಡುತ್ತಿರಲಿಲ್ಲ. 2025ರ ನವೆಂಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 10 ಫೋನುಗಳಿಂದ ಆರಂಭಿಸಿ ಕ್ವಿಕ್ ಶೇರ್ ಮತ್ತು ಏರ್‌ಡ್ರಾಪ್ ನಡುವೆ ದಾರಿ ತೆರೆಯಿತು. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಅಂತಹ ದುಬಾರಿ ಫೋನುಗಳಿಲ್ಲ. ಅದಕ್ಕೇ ಮೂರನೆಯ ದಾರಿಯನ್ನು ಗಮನವಿಟ್ಟು ಕೇಳಿ.

ಮೂರನೆಯ ದಾರಿ: ಹಾಟ್‌ಸ್ಪಾಟ್ ಮತ್ತು ಲೋಕಲ್‌ಸೆಂಡ್

ಲೋಕಲ್‌ಸೆಂಡ್ ಎಂಬುದು ಉಚಿತವಾದ, ಜಾಹೀರಾತು ಇಲ್ಲದ ಆ್ಯಪ್. ಇದರ ಮೂಲ ಬರಹವನ್ನು ಯಾರು ಬೇಕಾದರೂ ತೆರೆದು ಪರೀಕ್ಷಿಸಬಹುದು. ಆಂಡ್ರಾಯ್ಡ್, ಐಫೋನ್, ಐಪ್ಯಾಡ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ನನ್ನ ಅನುಭವದಲ್ಲಿ ತರಗತಿಗೆ ಇದೇ ಅನುಕೂಲ.

ಮೊದಲು ಎಲ್ಲ ಸಾಧನಗಳಿಗೂ ಆ್ಯಪ್ ಹಾಕಿಕೊಳ್ಳಿ. ಇದಕ್ಕೆ ಮಾತ್ರ ಒಮ್ಮೆ ಇಂಟರ್‌ನೆಟ್ ಬೇಕು. ನಂತರ ಒಂದು ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಹಾಟ್‌ಸ್ಪಾಟ್ ಆನ್ ಮಾಡಿ. ಡೇಟಾ ಆಫ್ ಮಾಡಲು ಮರೆತರೆ ನಿಮ್ಮ ದಿನದ ಡೇಟಾವನ್ನು ಇತರರ ಫೋನುಗಳು ಕ್ಷಣದಲ್ಲಿ ಕುಡಿದು ಮುಗಿಸುತ್ತವೆ. ಉಳಿದವರು ತಮ್ಮ ವೈಫೈ ಪಟ್ಟಿಯಲ್ಲಿ ಆ ಹಾಟ್‌ಸ್ಪಾಟಿನ ಹೆಸರು ಒತ್ತಿ, ಪಾಸ್‌ವರ್ಡ್ ಹಾಕಿ ಸೇರಿಕೊಳ್ಳಲಿ. "ಇದರಲ್ಲಿ ಇಂಟರ್‌ನೆಟ್ ಇಲ್ಲ, ಆದರೂ ಮುಂದುವರಿಯಬೇಕೇ?" ಎಂದು ಫೋನು ಕೇಳುತ್ತದೆ. ಹೌದು ಎನ್ನಿ. ಈಗ ಎಲ್ಲರೂ ಆ್ಯಪ್ ತೆರೆಯಿರಿ. ಪ್ರತಿಯೊಂದು ಸಾಧನಕ್ಕೂ ಆ್ಯಪ್ ತಾನೇ ಒಂದು ಹಣ್ಣಿನ ಹೆಸರು ಕೊಡುತ್ತದೆ. ಮಕ್ಕಳಿಗೆ ಇದು ಬಹಳ ಇಷ್ಟ, "ನಾನು ಮಾವು, ನೀನು ದ್ರಾಕ್ಷಿ" ಎಂದು ನಗುತ್ತಾರೆ. ಕಳುಹಿಸುವವರು ಸೆಂಡ್ ಒತ್ತಿ, ಫೈಲು ಆರಿಸಿ, ಹೆಸರು ಒತ್ತಲಿ. ಪಡೆಯುವವರು ಒಪ್ಪಿಗೆ ಒತ್ತಲಿ. ಕೆಲಸ ಮುಗಿಯಿತು.

ಯಾರದಾದರೂ ಸಾಧನದಲ್ಲಿ ಆ್ಯಪ್ ಹಾಕಲು ಆಗದಿದ್ದರೆ, ಇದರಲ್ಲಿ ಲಿಂಕ್ ಮೂಲಕ ಹಂಚುವ ವ್ಯವಸ್ಥೆಯೂ ಇದೆ. ಪರದೆಯ ಮೇಲೆ ಬರುವ ವಿಳಾಸವನ್ನು ಅವರು ತಮ್ಮ ಬ್ರೌಸರಿನಲ್ಲಿ ಬರೆದರೆ ಫೈಲು ಇಳಿಯುತ್ತದೆ.

ನಾಲ್ಕನೆಯ ದಾರಿ: ಕಂಪ್ಯೂಟರಿನ ಹಂಚಿದ ಫೋಲ್ಡರು

ಶಾಲೆ, ಗ್ರಂಥಾಲಯ ಅಥವಾ ಸಂಘದ ಕಚೇರಿಯಲ್ಲಿ ಒಂದು ಕಂಪ್ಯೂಟರು ಮತ್ತು ವೈಫೈ ರೂಟರ್ ಇದ್ದರೆ ಇನ್ನೂ ಒಳ್ಳೆಯದು. ಪಾಠಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಅದರಲ್ಲಿ ಶೇರಿಂಗ್, ಅದರಲ್ಲಿ ಶೇರ್ ಆರಿಸಿ. ಮಕ್ಕಳಿಗೆ ಓದುವ ಹಕ್ಕು ಮಾತ್ರ ಕೊಡಿ, ಅಳಿಸುವ ಹಕ್ಕು ಬೇಡ. ನಂತರ ಅದೇ ರೂಟರಿಗೆ ಸೇರಿದ ಫೋನು, ಟ್ಯಾಬುಗಳಿಂದ ಆ ಫೋಲ್ಡರನ್ನು ತೆರೆಯಬಹುದು. ಐಫೋನಿನ ಫೈಲ್ಸ್ ಆ್ಯಪ್‌ನಲ್ಲಿ 2019ರಿಂದ ಇದಕ್ಕೆ ವ್ಯವಸ್ಥೆ ಇದೆ. ಆಂಡ್ರಾಯ್ಡ್ ಫೋನಾದರೆ ಎಸ್‌ಎಂಬಿ ಎಂಬ ಸೌಲಭ್ಯವಿರುವ ಫೈಲ್ ಮ್ಯಾನೇಜರ್ ಬೇಕು.

ಎಸ್‌ಎಂಬಿ ಎಂಬುದು ವಿಂಡೋಸಿನ ಫೋಲ್ಡರು ಹಂಚುವ ಭಾಷೆ. ಅದರ ಹಳೆಯ ಒಂದನೇ ಆವೃತ್ತಿಯನ್ನು ಆನ್ ಮಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಬೀಗ ಹಾಕಿ ಹಣ ಕೇಳಿದ ವಾನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ಆ ಆವೃತ್ತಿಯ ದೋಷದ ಮೂಲಕವೇ.

ಕಾಣುತ್ತಿಲ್ಲ, ಹೋಗುತ್ತಿಲ್ಲ ಎಂದಾಗ

ನನ್ನ ಬಳಿ ಬರುವ ದೂರುಗಳಲ್ಲಿ ಬಹುಪಾಲು ಇವೇ. ಒಂದು, ಎರಡು ಸಾಧನಗಳು ಬೇರೆ ಬೇರೆ ವೈಫೈಗೆ ಸೇರಿರುತ್ತವೆ. ಎರಡೂ ಒಂದೇ ಹೆಸರಿನದಕ್ಕೆ ಸೇರಿವೆಯೇ ನೋಡಿ. ಎರಡು, ವಿಂಡೋಸ್ ಕಂಪ್ಯೂಟರು ಆ ವೈಫೈಯನ್ನು ಪಬ್ಲಿಕ್ ಎಂದು ತಿಳಿದು ತನ್ನನ್ನು ಬಚ್ಚಿಟ್ಟುಕೊಂಡಿರುತ್ತದೆ. ಮನೆ ಮತ್ತು ಶಾಲೆಯ ವೈಫೈಯನ್ನು ಪ್ರೈವೇಟ್ ಎಂದು ಬದಲಿಸಿ. ಬಸ್ ನಿಲ್ದಾಣ, ಹೋಟೆಲಿನ ವೈಫೈಯನ್ನು ಪಬ್ಲಿಕ್ ಆಗಿಯೇ ಬಿಡಿ. ಮೂರು, ಕೆಲವು ರೂಟರುಗಳಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆ ಇರುತ್ತದೆ. ಆಗ ಫೋನಿನ ಹಾಟ್‌ಸ್ಪಾಟ್ ಬಳಸಿ. ನಾಲ್ಕು, ಪಡೆಯುವ ಫೋನಿನಲ್ಲಿ ಜಾಗವೇ ಇರುವುದಿಲ್ಲ. ಮದುವೆಗಳ ಹಳೆಯ ವಿಡಿಯೋಗಳನ್ನು ಅಳಿಸಿದರೆ ಪಾಠಕ್ಕೆ ಜಾಗ ಆಗುತ್ತದೆ!

ನಮ್ಮ ಎರಡು ಭಾಷೆಗಳ ತೊಂದರೆ

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವಳಾದ್ದರಿಂದ ಇದನ್ನು ಹೇಳದೆ ಇರಲಾರೆ. ಫೈಲು ತಲುಪಿದರೆ ಸಾಲದು, ಅದು ತೆರೆದು ಓದುವಂತಿರಬೇಕು. ನಮ್ಮ ಶಾಲೆ, ಕಚೇರಿಗಳಲ್ಲಿ ಕನ್ನಡವನ್ನು ನುಡಿಯ ಹಳೆಯ ಅಕ್ಷರಗಳಲ್ಲಿ, ಉರ್ದುವನ್ನು ಇನ್‌ಪೇಜಿನಲ್ಲಿ ಬೆರಳಚ್ಚು ಮಾಡಿದ ಎಷ್ಟೋ ಫೈಲುಗಳಿವೆ. ಅವನ್ನು ಹಾಗೆಯೇ ಫೋನಿಗೆ ಕಳುಹಿಸಿದರೆ ಕನ್ನಡ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತದೆ, ಉರ್ದು ಫೈಲು ತೆರೆಯುವುದೇ ಇಲ್ಲ. ಕಾರಣ, ಆ ಅಕ್ಷರಗಳಿಗೆ ಅವುಗಳದೇ ಗುಪ್ತ ಸಂಖ್ಯೆಗಳಿವೆ. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಮಾತ್ರ ಎಲ್ಲ ಸಾಧನಗಳೂ ಒಪ್ಪುವ ಸಂಖ್ಯೆಗಳಿವೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತ್ತು. ಆದ್ದರಿಂದ ಹೊಸದಾಗಿ ಬರೆಯುವುದನ್ನು ಯೂನಿಕೋಡಿನಲ್ಲಿ ಬರೆಯಿರಿ. ಹಳೆಯದನ್ನು ಪಿಡಿಎಫ್ ಮಾಡಿ ಕಳುಹಿಸಿ. ಪಿಡಿಎಫ್ ಆದರೆ ಕನ್ನಡದ ಒತ್ತಕ್ಷರವೂ ಉಳಿಯುತ್ತದೆ, ನಸ್ತಾಲೀಖಿನ ಬಳುಕೂ ಉಳಿಯುತ್ತದೆ.

ಇನ್ನೊಂದು ಮಾತು. ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳ ಫೋಟೋವನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದು ಗಾತ್ರ ಇಳಿಸಲು ಸ್ಪಷ್ಟತೆಯನ್ನು ಕಡಿಮೆ ಮಾಡುತ್ತದೆ. ವಿದ್ಯಾರ್ಥಿವೇತನದ ಅರ್ಜಿಗೆ ಹಾಕಿದಾಗ ನೋಂದಣಿ ಸಂಖ್ಯೆ ಓದಲು ಬಾರದೆ ಅರ್ಜಿ ಹಿಂದಕ್ಕೆ ಬರುವುದುಂಟು. ನಾನು ಹೇಳಿದ ನಾಲ್ಕೂ ದಾರಿಗಳಲ್ಲಿ ಫೈಲು ಮೂಲದಲ್ಲಿ ಇದ್ದಂತೆಯೇ ಹೋಗುತ್ತದೆ.

ಎಚ್ಚರ: ಇದೂ ಒಂದು ಅಮಾನತು

ದಾರಿ ತೆರೆದರೆ ಒಳ್ಳೆಯವರೂ ಬರುತ್ತಾರೆ, ಕಳ್ಳರೂ ಬರುತ್ತಾರೆ. ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಒಂದು ತರಬೇತಿಯಲ್ಲಿ ಸಹೋದ್ಯೋಗಿಗೆ ನನ್ನ ತರಗತಿಯ ಮಕ್ಕಳ ಆಧಾರ್ ವಿವರದ ಪಟ್ಟಿ ಕಳುಹಿಸಬೇಕಿತ್ತು. ಪರದೆಯ ಮೇಲೆ ಒಂದೇ ಕಂಪನಿಯ ಎರಡು ಫೋನುಗಳು ಒಂದೇ ಹೆಸರಿನಲ್ಲಿ ಕಂಡವು. ಒಂದನ್ನು ಒತ್ತಿದೆ. ಪಟ್ಟಿ ಹೋದದ್ದು ಪರಿಚಯವೇ ಇಲ್ಲದ ಒಬ್ಬರಿಗೆ. ಅವರೂ ನೋಡದೆ ಒಪ್ಪಿಗೆ ಒತ್ತಿದ್ದರು. ಸಭಾಂಗಣದಲ್ಲಿ ಎದ್ದು ನಿಂತು, "ಯಾರಿಗಾದರೂ ನನ್ನ ಫೈಲು ಬಂದಿದೆಯೇ?" ಎಂದು ಕೂಗಿ ಕೇಳಬೇಕಾಯಿತು. ಆ ಮಹನೀಯರು ನನ್ನ ಎದುರೇ ಅದನ್ನು ಅಳಿಸಿದರು. ಎಲ್ಲರೂ ಅಷ್ಟು ಒಳ್ಳೆಯವರಿರುತ್ತಾರೆಂದು ಹೇಳಲಾಗದು. ಅಂದಿನಿಂದ ನಾನು ಪಾಲಿಸುವ ನಿಯಮಗಳು ಇವು:

ನಿಮ್ಮ ಫೋನಿಗೆ ಬೇರೆಯೇ ಒಂದು ಗುರುತಿನ ಹೆಸರಿಡಿ. ಪೂರ್ತಿ ಹೆಸರು, ನಂಬರು ಬೇಡ.

"ಎಲ್ಲರಿಗೂ ಕಾಣು" ಎಂಬುದನ್ನು ಬೇಕಾದ ಹತ್ತು ನಿಮಿಷ ಮಾತ್ರ ಇಡಿ. ಕೆಲಸ ಮುಗಿದ ಮೇಲೆ ಹಾಟ್‌ಸ್ಪಾಟ್, ಬ್ಲೂಟೂತ್ ಆಫ್ ಮಾಡಿ.

ಯಾರು ಕಳುಹಿಸುತ್ತಿದ್ದಾರೆಂದು ಗೊತ್ತಿಲ್ಲದ ಫೈಲನ್ನು ಒಪ್ಪಬೇಡಿ. ಎಪಿಕೆ ಎಂದು ಕೊನೆಯಾಗುವ ಫೈಲನ್ನು ಪರಿಚಿತರಿಂದ ಬಂದರೂ ತೆರೆಯಬೇಡಿ. ಮದುವೆ ಕರೆಯೋಲೆಯ ಹೆಸರಿನಲ್ಲಿ ಬರುವ ಇಂತಹ ಫೈಲುಗಳು ಬ್ಯಾಂಕಿನ ಹಣವನ್ನು ದೋಚಿದ ಉದಾಹರಣೆಗಳಿವೆ. ಕರೆಯೋಲೆ ಫೋಟೋ ಆಗಿರುತ್ತದೆ ಅಥವಾ ಪಿಡಿಎಫ್ ಆಗಿರುತ್ತದೆ, ಎಂದಿಗೂ ಎಪಿಕೆ ಆಗಿರುವುದಿಲ್ಲ.

ಇನ್ನೊಬ್ಬರ ಫೋಟೋ, ವಿಶೇಷವಾಗಿ ಹೆಣ್ಣುಮಕ್ಕಳ ಫೋಟೋ, ನಿಮ್ಮ ಫೋನಿಗೆ ಬಂದರೆ ಅದು ಅವರು ನಿಮ್ಮಲ್ಲಿಟ್ಟ ಅಮಾನತು. ಅವರನ್ನು ಕೇಳದೆ ಮುಂದಕ್ಕೆ ಕಳುಹಿಸುವುದು ಅಮಾನತಿಗೆ ಮಾಡುವ ದ್ರೋಹ. ಗಂಡುಮಕ್ಕಳೇ, ಇದನ್ನು ನಿಮಗೆ ಮುಖ್ಯವಾಗಿ ಹೇಳುತ್ತಿದ್ದೇನೆ.

ಕೊನೆಯದಾಗಿ, ಹಣ ಕೊಟ್ಟು ಕೊಳ್ಳಬೇಕಾದ ಗೈಡು, ಸಿನಿಮಾಗಳನ್ನು ಕದ್ದು ಹಂಚಬೇಡಿ. ಹಂಚಲು ಹಕ್ಕಿರುವುದೇ ಬೇಕಾದಷ್ಟಿದೆ. ಕರ್ನಾಟಕ ಪಠ್ಯಪುಸ್ತಕ ಸಂಘ ಕನ್ನಡ, ಉರ್ದು ಮೊದಲಾದ ಮಾಧ್ಯಮಗಳ ಪಠ್ಯಪುಸ್ತಕಗಳನ್ನು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಕೊಟ್ಟಿದೆ. 2017ರಲ್ಲಿ ಆರಂಭವಾದ ದೀಕ್ಷಾದಲ್ಲಿ ಪಾಠದ ವಿಡಿಯೋಗಳಿವೆ.

ಒಂದರಿಂದ ಮೂವತ್ತೆರಡು

ವಿದ್ಯಾರ್ಥಿಗಳೇ, ಒಂದು ಗಣಿತದ ಲೆಕ್ಕ ಹೇಳಿ ಮುಗಿಸುತ್ತೇನೆ. ನಮ್ಮ 150 ಎಂಬಿ ಪಾಠವನ್ನು 32 ಮಕ್ಕಳು ಬೇರೆ ಬೇರೆಯಾಗಿ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡರೆ 4800 ಎಂಬಿ ಡೇಟಾ ಬೇಕು. ಒಬ್ಬರೇ ಇಳಿಸಿಕೊಂಡು ಪಕ್ಕದವರಿಗೆ ಕೊಟ್ಟರೆ ಇಬ್ಬರ ಬಳಿ ಆಗುತ್ತದೆ. ಆ ಇಬ್ಬರೂ ಮತ್ತಿಬ್ಬರಿಗೆ ಕೊಟ್ಟರೆ ನಾಲ್ಕು. ನಂತರ ಎಂಟು, ಹದಿನಾರು, ಮೂವತ್ತೆರಡು. ಐದೇ ಸುತ್ತು. ನಿಧಾನವಾದ ಬ್ಲೂಟೂತಿನಲ್ಲೇ ಆದರೂ ಸುತ್ತಿಗೆ ಹತ್ತು ನಿಮಿಷದಂತೆ ಐವತ್ತು ನಿಮಿಷ. ಒಂದು ಪೀರಿಯಡ್ಡು ಮತ್ತು ಸ್ವಲ್ಪ ಬಿಡುವು. ಖರ್ಚಾದ ಡೇಟಾ ಬರೀ 150 ಎಂಬಿ. ಕೊಟ್ಟವರ ಬಳಿ ಇದ್ದದ್ದು ಒಂದು ಚೂರೂ ಕಡಿಮೆಯಾಗಲಿಲ್ಲ. ವಿದ್ಯೆ ಕೊಟ್ಟರೆ ಕಡಿಮೆಯಾಗುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತು ಇಲ್ಲಿ ಲೆಕ್ಕದಲ್ಲೂ ನಿಜವಾಗಿದೆ.

ಈಗ ನಮ್ಮ ತರಗತಿಯಲ್ಲಿ ಪರದೆ ಬಿರುಕು ಬಿಟ್ಟ ನನ್ನದೊಂದು ಹಳೆಯ ಫೋನಿದೆ. ಅದರಲ್ಲಿ ಸಿಮ್ ಇಲ್ಲ. ಪಾಠಗಳು, ಪುಸ್ತಕಗಳು, ಹಳೆಯ ಪ್ರಶ್ನೆಪತ್ರಿಕೆಗಳು ಮಾತ್ರ ಇವೆ. ಮಕ್ಕಳು ಅದಕ್ಕೆ "ಖಜಾನೆ" ಎಂದು ಹೆಸರಿಟ್ಟಿದ್ದಾರೆ. ಶನಿವಾರ ಮನೆಯವರ ಫೋನು ತರಲು ಸಾಧ್ಯವಿರುವ ಮಕ್ಕಳು ಪೋಷಕರ ಜೊತೆ ಬಂದು ತುಂಬಿಸಿಕೊಂಡು ಹೋಗುತ್ತಾರೆ. ಫೋನೇ ಇಲ್ಲದ ಮಕ್ಕಳ ಹೆಸರನ್ನು ನಾನು ಒಂದು ಪುಟದಲ್ಲಿ ಬೇರೆಯಾಗಿ ಬರೆದುಕೊಂಡಿದ್ದೇನೆ. ಅವರಿಗೆ ಪಕ್ಕದ ಮನೆಯ ಒಬ್ಬ ಸಹಪಾಠಿಯನ್ನು ಜೊತೆ ಮಾಡಿದ್ದೇನೆ. "ಕಳುಹಿಸಿದೆ" ಎಂದು ಈಗ ನಾನು ಬರೆಯುವುದಿಲ್ಲ, "ತಲುಪಿತು" ಎಂದು ಮಗು ಹೇಳಿದ ಮೇಲೆ ಮಾತ್ರ ಗುರುತು ಹಾಕುತ್ತೇನೆ.

ಸಂಘದ ಹಿರಿಯರಲ್ಲಿ ನನ್ನದೊಂದು ಬಿನ್ನಹ. 1864ರಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರು ಘಾಜಿಪುರದಲ್ಲಿ ಸೈಂಟಿಫಿಕ್ ಸೊಸೈಟಿ ಕಟ್ಟಿ, ಇಂಗ್ಲಿಷಿನಲ್ಲಿದ್ದ ಜ್ಞಾನವನ್ನು ಉರ್ದುವಿಗೆ ತರಿಸಿದರು. ಜ್ಞಾನ ಇದ್ದರೆ ಸಾಲದು, ಅದು ಜನರ ಕೈಗೆ ತಲುಪಬೇಕೆಂಬುದು ಅವರ ಚಿಂತೆಯಾಗಿತ್ತು. ನಮ್ಮಿಂದ ಅಷ್ಟು ದೊಡ್ಡ ಕೆಲಸ ಆಗದಿರಬಹುದು. ಆದರೆ ಸಂಘದ ವಾಚನಾಲಯದಲ್ಲಿ ಒಂದು ಹಳೆಯ ಲ್ಯಾಪ್‌ಟಾಪು, ಒಂದು ರೂಟರು ಮತ್ತು ಪಾಠಗಳ ಒಂದು ಹಂಚಿದ ಫೋಲ್ಡರು ಇಡಲು ಸಾಧ್ಯವಿದೆ. ಇಂಟರ್‌ನೆಟ್ ಸಂಪರ್ಕವೂ ಬೇಡ, ತಿಂಗಳ ಬಿಲ್ಲೂ ಇಲ್ಲ. ಹೊಸ ಫೋನು ಕೊಂಡವರು ಹಳೆಯದನ್ನು ಮೂಲೆಗೆ ಎಸೆಯದೆ, ತಮ್ಮ ಖಾತೆ, ಫೋಟೋಗಳನ್ನು ಅಳಿಸಿ ಸಂಘಕ್ಕೆ ಕೊಡಲಿ. ಒಂದೊಂದು ಲೈನಿನಲ್ಲಿ, ಒಂದೊಂದು ಕೇರಿಯಲ್ಲಿ ಒಂದೊಂದು ಖಜಾನೆ ಇರಲಿ. ಜಾತಿ, ಮತ ನೋಡದೆ ಯಾವ ಮಗು ಬಂದರೂ ಕೊಡಲಿ.

ಆ ಹುಡುಗಿ ಈಗಲೂ ಅದೇ ಮನೆಯಲ್ಲಿದ್ದಾಳೆ. ಹೊಲಿಗೆ ಕಲಿತಿದ್ದಾಳೆ. ಹತ್ತನೇ ತರಗತಿಯನ್ನು ಖಾಸಗಿಯಾಗಿ ಕಟ್ಟಲು ಸಾಧ್ಯವೇ ಎಂದು ಹೋದ ತಿಂಗಳು ತಮ್ಮನ ಮೂಲಕ ನನ್ನನ್ನು ಕೇಳಿಸಿದ್ದಾಳೆ. ಸಾಧ್ಯವಿದೆ ಎಂದು ಹೇಳಿ ಕಳುಹಿಸಿದ್ದೇನೆ. ಪುಸ್ತಕಗಳನ್ನೂ ಕಳುಹಿಸಿದ್ದೇನೆ, ತಮ್ಮನ ಫೋನಿಗೆ, ಇದೇ ಬಿಕ್ಕೋಡಿನ ಬಸ್ ನಿಲ್ದಾಣದಲ್ಲಿ ನಿಂತು, ಬಸ್ಸು ಬರುವುದರೊಳಗೆ. ಅವು ಅವಳಿಗೆ ತಲುಪಿವೆ ಎಂದು ತಮ್ಮ ಹೇಳಿದ್ದಾನೆ.